ವಾಸನೆ ಬಿಡದ ಡಬ್ಬಿ

ಆ ಭಾನುವಾರವೂ ನಮ್ಮ ಚೀಲ ವಾಪಸು ಬಂತು. ಕೊರಳಿಗೆ ಹಳದಿ ಪಟ್ಟಿ ಕಟ್ಟಿಸಿಕೊಂಡು, ಜಗಳವಾಡಿ ತವರಿಗೆ ಬಂದ ಹೆಣ್ಣಿನಂತೆ ಬಾಗಿಲ ಪಕ್ಕದ ಗೋಡೆಗೆ ಒರಗಿ ಕೂತಿತ್ತು. ಎದುರು ಮನೆಯವರ ಚೀಲ ಹೋಗಿತ್ತು, ಮೇಲಿನ ಮಹಡಿಯವರದ್ದೂ ಹೋಗಿತ್ತು. ಉಳಿದದ್ದು ನಮ್ಮದೊಂದೇ.

ಹಳದಿ ಪಟ್ಟಿಗೆ ಇರುವುದು ಒಂದೇ ಅರ್ಥ. ಒಳಗಿನ ಪ್ಲಾಸ್ಟಿಕ್ ಸರಿಯಾಗಿ ತೊಳೆದಿಲ್ಲ, ಮತ್ತೆ ತೊಳೆದು ಮುಂದಿನ ವಾರ ಇಡಿ. ಅದನ್ನು ಕಟ್ಟುವವನಿಗೆ ನಮ್ಮ ಕಟ್ಟಡದ ಮಕ್ಕಳು ಮೂಗಣ್ಣ ಎಂದು ಹೆಸರಿಟ್ಟಿದ್ದರು. ಅವನು ಚೀಲದ ಬಾಯಿ ಬಿಚ್ಚಿ, ಮುಖವನ್ನು ಅರ್ಧ ಒಳಗೆ ತೂರಿಸಿ, ಕಣ್ಣು ಮುಚ್ಚಿ ಒಮ್ಮೆ ಉಸಿರು ಎಳೆಯುತ್ತಿದ್ದ. ಆಮೇಲೆ ಒಂದೋ ಚೀಲವನ್ನು ಹೆಗಲಿಗೆ ಏರಿಸುತ್ತಿದ್ದ, ಇಲ್ಲವೇ ಜೇಬಿಗೆ ಕೈ ಹಾಕಿ ಪಟ್ಟಿ ತೆಗೆಯುತ್ತಿದ್ದ. ವಾದಕ್ಕೆ ನಿಲ್ಲುತ್ತಿರಲಿಲ್ಲ. ಪ್ಲಾಸ್ಟಿಕ್ ಬೇರ್ಪಡಿಸುವ ಶೆಡ್ಡಿನಲ್ಲಿ ಕೆಲಸ ಮಾಡುವ ಹೆಂಗಸರು ದುರ್ನಾತ ತಡೆಯಲಾರೆವೆಂದು ಕೈಕಟ್ಟಿ ಕೂತರಂತೆ, ಅಂದಿನಿಂದ ಈ ಮೂಸುವ ಪದ್ಧತಿ ಬಂತು. ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ.

ನನ್ನ ಗೊಂದಲ ಬೇರೆಯೇ ಇತ್ತು. ನಮ್ಮ ಮನೆಯಲ್ಲಿ ಪ್ಲಾಸ್ಟಿಕ್ ತೊಳೆಯುತ್ತಿದ್ದವರು ನನ್ನ ಅತ್ತೆ. ಅವರು ಮುಟ್ಟಿದ್ದು ಕೊಳಕಾಗಿರುವುದು ಸಾಧ್ಯವೇ ಇರಲಿಲ್ಲ.

ಅತ್ತೆ ಒಂದು ದೊಡ್ಡ ವಿದ್ಯಾರ್ಥಿ ನಿಲಯದಲ್ಲಿ ಜೀವಮಾನವಿಡೀ ಅಡುಗೆ ಮಾಡಿದವರು. ಅಲ್ಲಿ ಅವರ ಮೂಗಿಗೆ ದೊಡ್ಡ ಹೆಸರಿತ್ತು. ಹಂಡೆಯ ಮುಚ್ಚಳ ತೆಗೆಯದೆ, ಹೊರಬರುವ ಆವಿಯಲ್ಲೇ ಬೇಳೆ ಬೆಂದಿದೆಯೋ ಇಲ್ಲವೋ ಹೇಳುತ್ತಿದ್ದರಂತೆ. ಹಾಲಿನವನು ನಿನ್ನೆಯ ಹಾಲನ್ನು ಇವತ್ತಿನದಕ್ಕೆ ಬೆರೆಸಿ ತಂದರೆ ಕ್ಯಾನು ಬಾಗಿಲು ದಾಟುವ ಮೊದಲೇ ತಿರುಗಿ ಹೋಗುತ್ತಿತ್ತಂತೆ. ನಿವೃತ್ತಿಯಾಗಿ ನಮ್ಮ ಜೊತೆ ಬಂದಾಗ ಒಂದೇ ಒಂದು ಷರತ್ತು ಹಾಕಿದರು: ಅಡುಗೆಮನೆ ನನ್ನದು. ನನಗಂತೂ ಅದು ವರವೇ. ನಾನು ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಸಂಜೆ ಮನೆಗೆ ಬರುವಷ್ಟರಲ್ಲಿ ಇನ್ನೊಂದು ಪಾತ್ರೆ ತೊಳೆಯುವ ಚೈತನ್ಯವೂ ಉಳಿದಿರುವುದಿಲ್ಲ.

ಪ್ಲಾಸ್ಟಿಕ್ಕಿನ ವಿಷಯ ಬಂದಾಗ ಮೊದಲಿಗೆ ಅತ್ತೆ ನಕ್ಕಿದ್ದರು. ಕಸಕ್ಕೆ ಸ್ನಾನ ಮಾಡಿಸಿ, ಮೈ ಒರೆಸಿ, ಬಿಸಿಲಿಗೆ ಹಾಕಿ ಕಳಿಸುವ ಮನೆ ಇದೇ ಮೊದಲು ನೋಡಿದ್ದು ಎಂದರು. ಇನ್ನು ಹಣೆಗೆ ಕಪ್ಪು ಬೊಟ್ಟು ಇಡುವುದೊಂದು ಬಾಕಿ. ಆದರೆ ಕೆಲಸ ಶುರು ಮಾಡಿದ ಮೇಲೆ ಅದು ಅವರ ಅಡುಗೆಮನೆಯ ಶಿಸ್ತಿನೊಳಕ್ಕೇ ಸೇರಿಹೋಯಿತು. ಅಕ್ಕಿ ಆರಿಸುವವರ ತಾಳ್ಮೆಯಿಂದ ಅವರು ಮುಚ್ಚಳಗಳನ್ನು ಆರಿಸುತ್ತಿದ್ದರು.

ಆ ತಾಳ್ಮೆ ಇಲ್ಲದಿದ್ದರೆ ಆ ಕೆಲಸ ಆಗುವಂಥದ್ದೂ ಅಲ್ಲ. ಬಾಟಲಿಯ ಮೈ ಒಂದು ಜಾತಿ, ಮುಚ್ಚಳ ಇನ್ನೊಂದು ಜಾತಿ, ಮೈಗೆ ಸುತ್ತಿದ ಲೇಬಲ್ಲು ಮೂರನೆಯದು. ಮೂರನ್ನೂ ಬಿಡಿಸಬೇಕು. ಯಾವುದು ಯಾವ ಜಾತಿ ಎಂದು ತಳದಲ್ಲಿ ತ್ರಿಕೋನದೊಳಗೆ ಅಂಕಿ ಇರುತ್ತದೆ, ಆದರೆ ಅದನ್ನು ಓದಲು ಟಾರ್ಚು ಬೇಕು, ಕನ್ನಡಕ ಬೇಕು, ಬಾಟಲಿಯನ್ನು ಓರೆಯಾಗಿ ಹಿಡಿಯಲು ಇನ್ನೊಬ್ಬರು ಬೇಕು. ಅಂಕಿ ಅಳಿಸಿಹೋಗಿದ್ದರೆ ತುಂಡನ್ನು ಬಕೆಟ್ಟಿನ ನೀರಿಗೆ ಹಾಕಿ ಎಂದು ನಾನು ಹೇಳಿಕೊಟ್ಟಿದ್ದೆ. ನೀರಿನ ಬಾಟಲಿ ಮುಳುಗುತ್ತದೆ, ಅದರ ಮುಚ್ಚಳ ತೇಲುತ್ತದೆ, ಸಾಂದ್ರತೆ ಸುಳ್ಳು ಹೇಳುವುದಿಲ್ಲ. ಅತ್ತೆಗೆ ಅದು ಭಾರಿ ಹಿಡಿಸಿತು. ಶಾಂಪೂ ಬಾಟಲಿಯ ಪಂಪಿನೊಳಗೆ ಮಾತ್ರ ಒಂದು ಉಕ್ಕಿನ ಸ್ಪ್ರಿಂಗು ಅಡಗಿ ಕೂತಿರುತ್ತದೆ. ಅದನ್ನು ತೆಗೆಯಲು ಹೋಗಿ ಅದು ಚಿಮ್ಮಿ ನನ್ನ ಗಂಡನ ಕಾಫಿಗೆ ಬಿದ್ದದ್ದೂ ಉಂಟು. ಲಿಫ್ಟ್ ರಿಪೇರಿ ಮಾಡುವ ಅವರಿಗೆ ಇಂಥದ್ದರಲ್ಲಿ ಕುತೂಹಲವಿದ್ದೀತು ಎಂದುಕೊಂಡಿದ್ದೆ. ಅವರು ಕಾಫಿ ಚೆಲ್ಲಿ, ಇದಕ್ಕಿಂತ ಲಿಫ್ಟೇ ಸುಲಭ ಎಂದು ಎದ್ದು ಹೋದರು. ಕಪ್ಪು ಡಬ್ಬಿಗಳು ಇನ್ನೂ ದಂಡ. ಶೆಡ್ಡಿನ ಯಂತ್ರದ ಕಣ್ಣಿಗೆ ಕಪ್ಪು ಬಣ್ಣ ಕಾಣುವುದೇ ಇಲ್ಲವಂತೆ. ಇಷ್ಟೆಲ್ಲ ಮಾಡಿ ತೊಳೆದ ಕವರುಗಳನ್ನು ಬಾಲ್ಕನಿಯ ಹಗ್ಗಕ್ಕೆ ಕ್ಲಿಪ್ಪು ಹಾಕಿ ಒಣಗಿಸಬೇಕು. ನಮ್ಮ ಬಟ್ಟೆಗಳಿಗೆ ಜಾಗ ಇರುತ್ತಿರಲಿಲ್ಲ.

ಅಷ್ಟಾದ ಮೇಲೂ ಹಳದಿ ಪಟ್ಟಿ.

ಚೀಲ ಬಿಚ್ಚಿ ನೋಡಿದೆ. ಕಣ್ಣಿಗೆ ಎಲ್ಲವೂ ಹೊಳೆಯುತ್ತಿತ್ತು. ಮೂಗಿಗೆ ಹಿಡಿದರೆ ಒಂದು ಮೊಸರಿನ ಡಬ್ಬಿ ಹುಳಿ ಹುಳಿ, ಒಂದು ಎಣ್ಣೆಯ ಕ್ಯಾನು ಕಮಟು. ಅತ್ತೆಗೆ ಹೇಳಿದಾಗ ಅವರು ಮುಖ ಗಂಟಿಕ್ಕಿದರು. ನಾನು ತೊಳೆದಿದ್ದೀನಿ, ಎರಡು ಸಲ, ಎಂದರು. ಅವನಿಗೇ ಮೂಗು ಕೆಟ್ಟಿರಬೇಕು.

ವಯಸ್ಸಾಯಿತು, ಕೈ ಸೋಲುತ್ತಿದೆ, ಒಪ್ಪಿಕೊಳ್ಳಲು ಮನಸ್ಸಿಲ್ಲ ಎಂದು ನಾನು ಅಂದುಕೊಂಡೆ. ಗಂಡನಿಗೂ ಹಾಗೆಯೇ ಹೇಳಿದೆ. ಹೇಳಬಾರದಿತ್ತೇನೋ, ಯಾಕೆಂದರೆ ಅವರು ಅದನ್ನು ತಮ್ಮ ಅಕ್ಕನಿಗೆ ಹೇಳಿದರು. ನನ್ನ ಈ ನಾದಿನಿಗೆ ಊರಿನ ಇನ್ನೊಂದು ತುದಿಯಲ್ಲಿ ದೊಡ್ಡ ಮನೆ, ಅಡುಗೆಗೆ ಆಳು, ತಾಯಿಯ ಮೇಲೆ ನಿಜವಾದ ಪ್ರೀತಿ. ಅಮ್ಮ ಇನ್ನು ದುಡಿದದ್ದು ಸಾಕು, ನನ್ನ ಹತ್ತಿರ ಬಂದು ಆರಾಮವಾಗಿರಲಿ ಎಂಬ ಮಾತನ್ನು ಅವರು ಎಂದಿನಿಂದಲೋ ಎತ್ತುತ್ತಿದ್ದರು. ಅತ್ತೆ ಅದಕ್ಕೆ ಹೆದರುತ್ತಿದ್ದಷ್ಟು ಬೇರೆ ಯಾವುದಕ್ಕೂ ಹೆದರುತ್ತಿರಲಿಲ್ಲ. ಒಮ್ಮೆ ಅಲ್ಲಿ ಒಂದು ವಾರ ಇದ್ದು ಬಂದವರು ನನಗೆ ಹೇಳಿದ್ದರು: "ಒಳ್ಳೆಯವಳೇ ಕಣೇ. ಆದ್ರೆ ಅಲ್ಲಿ ನನ್ನನ್ನ ಸೋಫಾ ಮೇಲೆ ಹೂದಾನಿ ಥರ ಇಡ್ತಾರೆ. ನೀರು ಬೇಕು ಅಂತ ಎದ್ರೂ ಇಬ್ಬರು ಓಡಿ ಬರ್ತಾರೆ."

ಅಡುಗೆಮನೆ ಕೈತಪ್ಪಿದರೆ ಮುಂದಿನ ಜಾಗ ಆ ಸೋಫಾ. ಅದು ನಮ್ಮಿಬ್ಬರಿಗೂ ಗೊತ್ತಿತ್ತು.

ಮುಂದಿನ ವಾರವೂ ಪಟ್ಟಿ ಬಿದ್ದಾಗ ನನ್ನ ಸಹನೆ ಕೆಟ್ಟಿತು. ಮಾತಿನಲ್ಲಿ ಬಗೆಹರಿಯದ್ದನ್ನು ಪರೀಕ್ಷೆಯಲ್ಲಿ ಬಗೆಹರಿಸುವುದು ನನ್ನ ಅಭ್ಯಾಸ. ಒಂದೇ ಕಂಪನಿಯ ಎರಡು ಮೊಸರಿನ ಡಬ್ಬಿ ತೆಗೆದುಕೊಂಡೆ. ಒಂದು ಅತ್ತೆ ತೊಳೆದದ್ದು, ಇನ್ನೊಂದನ್ನು ನಾನು ಬಿಸಿನೀರು, ಸೋಪು ಹಾಕಿ ತಿಕ್ಕಿದೆ. ಎರಡನ್ನೂ ಮುಚ್ಚಿ ಸ್ವಲ್ಪ ಹೊತ್ತು ಬಿಸಿಲಿನಲ್ಲಿಟ್ಟು ತಂದು ಊಟದ ಮೇಜಿನ ಮೇಲೆ ಇಟ್ಟೆ. ಪಕ್ಕದಲ್ಲಿ ನನ್ನ ಮಗಳು ಚಿತ್ರಕ್ಕೆ ಬಣ್ಣ ತುಂಬುತ್ತ ಕೂತಿದ್ದಳು. ಒಂದನೇ ತರಗತಿಯ ಹುಡುಗಿ, ಎಲ್ಲರ ಮಾತಿನ ನಡುವೆ ಮೂಗು ತೂರಿಸುವವಳು.

ಅತ್ತೆಯನ್ನು ಕರೆದು, ಇವೆರಡರಲ್ಲಿ ಯಾವುದು ಇನ್ನೂ ನಾರುತ್ತಿದೆ ಹೇಳಿ ಎಂದೆ. ಯಾವುದು ಯಾರು ತೊಳೆದದ್ದೆಂದು ಹೇಳಲಿಲ್ಲ.

ಅತ್ತೆ ಮೊದಲನೆಯದನ್ನು ತೆರೆದು ಮೂಗಿಗೆ ಹಿಡಿದರು. ಏನೂ ಹೇಳದೆ ಅದನ್ನು ಮೊಮ್ಮಗಳ ಕಡೆ ಚಾಚಿ, "ನೀನೂ ನೋಡು ಪುಟ್ಟಿ," ಎಂದರು. ಪುಟ್ಟಿ ಮೂಸಿ ಮತ್ತೆ ಬಣ್ಣಕ್ಕೆ ತಿರುಗಿದಳು. ಎರಡನೆಯದನ್ನು ಚಾಚಿದರು. ಪುಟ್ಟಿ ಮೂಗು ಹಿಡಿದುಕೊಂಡಳು.

"ಇದು," ಎಂದರು ಅತ್ತೆ, ಎರಡನೆಯದನ್ನು ತೋರಿಸಿ. ಉತ್ತರ ಸರಿಯಾಗಿತ್ತು.

ಆದರೆ ಆ ಡಬ್ಬಿಯನ್ನು ಅವರು ಮೂಗಿನ ಬಳಿಗೂ ಒಯ್ದಿರಲಿಲ್ಲ. ಅವರ ಕಣ್ಣು ಪುಟ್ಟಿಯ ಮುಖದ ಮೇಲಿತ್ತು.

ನಮ್ಮ ಪ್ರಯೋಗಾಲಯಕ್ಕೆ ಬರುವ ನೀರಿಗೆ ಎಷ್ಟೋ ಪರೀಕ್ಷೆಗಳಿವೆ, ಹೆಚ್ಚಿನವಕ್ಕೆ ಯಂತ್ರಗಳಿವೆ. ವಾಸನೆಗೆ ಮಾತ್ರ ನಾವಿನ್ನೂ ಮನುಷ್ಯರ ಮೂಗನ್ನೇ ನಂಬುತ್ತೇವೆ. ಅದಕ್ಕೊಂದು ನಿಯಮವಿದೆ. ಮೂಸುವವರು ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂರಬೇಕು. ಎದುರುಬದುರು ಕೂತರೆ ಒಬ್ಬರ ಹುಬ್ಬು ಗಂಟಾಗುವುದನ್ನು ಕಂಡು ಇನ್ನೊಬ್ಬರಿಗೂ ನೀರು ನಾರುತ್ತದೆ. ಮೂಗು ಮುಖವನ್ನು ನೋಡಿ ಕಲಿಯುತ್ತದೆ. ಹೊಸದಾಗಿ ಸೇರಿದವರಿಗೆ ಇದನ್ನು ಹೇಳಿಕೊಡುವವಳು ನಾನೇ.

ಆ ರಾತ್ರಿ ಊಟ ಮಾಡುವಾಗ ಹಿಂದಿನ ಎಷ್ಟೋ ಸಂಗತಿಗಳು ಒಂದೊಂದಾಗಿ ನೆನಪಾದವು. ಅಜ್ಜಿ, ಮೊಮ್ಮಗಳು ಕೆಲವು ತಿಂಗಳಿಂದ ಒಂದು ಆಟ ಆಡುತ್ತಿದ್ದರು. ಅಜ್ಜಿ ಯಾವುದಾದರೂ ಪಾತ್ರೆಯನ್ನು ಹುಡುಗಿಯ ಮೂಗಿನ ಕೆಳಗೆ ಹಿಡಿದು ಹೇಳು ನೋಡೋಣ ಎನ್ನುವುದು, ಹುಡುಗಿ ಹಾಲು ಹುಳಿ, ಎಣ್ಣೆ ಹಳೇದು ಎನ್ನುವುದು, ಬಹುಮಾನವಾಗಿ ಬೆಲ್ಲದ ಚೂರು. ಮಗುವಿಗೆ ಅಡುಗೆ ಕಲಿಸುತ್ತಿದ್ದಾರೆ ಎಂದು ನಾನು ಖುಷಿಪಟ್ಟಿದ್ದೆ. ಇನ್ನೊಂದು, ಮಸಾಲೆ ಪುಡಿಯ ಡಬ್ಬಿಗಳ ಲೇಬಲ್ಲನ್ನು ಕಿತ್ತರೆ ಅತ್ತೆ ಸಿಟ್ಟಾಗುತ್ತಿದ್ದರು. ಹಿಂದೆಲ್ಲ ಅಕ್ಷರ ನೋಡಿ ಅಡುಗೆ ಮಾಡುವವರನ್ನು ಕಂಡರೆ ಮೂಗು ಮುರಿಯುತ್ತಿದ್ದವರು ಅವರೇ.

ಆದರೂ ಗೊತ್ತಿರುವುದು ಬೇರೆ, ಕೇಳುವುದು ಬೇರೆ. ಒಬ್ಬರು ಬಚ್ಚಿಟ್ಟುಕೊಂಡದ್ದನ್ನು ಏಕಾಏಕಿ ಮೇಜಿನ ಮೇಲೆ ಎಳೆದು ಹಾಕಲು ನನಗೆ ಬಾಯಿ ಬರಲಿಲ್ಲ. ನೋಡೋಣ, ನಾಳೆ ಕೇಳೋಣ ಎಂದು ದಿನ ದೂಡಿದೆ.

ಒಂದು ಸಂಜೆ ಲ್ಯಾಬಿನಲ್ಲಿ ಕರೆಂಟು ಹೋಗಿ ಬೇಗ ಮನೆಗೆ ಬಂದೆ. ಬಾಗಿಲು ತೆರೆದ ಕೂಡಲೆ ಗ್ಯಾಸು ಮುಖಕ್ಕೆ ಹೊಡೆಯಿತು. ಲೈಟಿನ ಸ್ವಿಚ್ಚು ಮುಟ್ಟದೆ ಅಡುಗೆಮನೆಗೆ ಓಡಿದೆ. ಒಲೆಯ ಮೇಲೆ ಹಾಲು ಉಕ್ಕಿ ಹರಿದು ಉರಿ ಆರಿತ್ತು, ಗುಂಡಿ ಪೂರ್ತಿ ತೆರೆದಿತ್ತು. ತಿರುಗಿಸಿ ಮುಚ್ಚಿ, ಕಿಟಕಿ ತೆರೆಯುತ್ತಿದ್ದಾಗ ಅತ್ತೆ ಬಾಲ್ಕನಿಯಿಂದ ಒಳಗೆ ಬಂದರು. ಸೆರಗಿನ ತುದಿಗೆ ಕ್ಲಿಪ್ಪುಗಳು, ಕೈಯಲ್ಲಿ ಒಣಗಿದ ಹಾಲಿನ ಕವರುಗಳು. ಆ ಗ್ಯಾಸು ತುಂಬಿದ ಕೋಣೆಯ ನಡುವೆ ನಿಂತು, ತೀರಾ ಸಹಜವಾಗಿ, ಇವತ್ತು ಬೇಗ ಬಂದೆಯಲ್ಲ, ಕಾಫಿ ಇಡಲಾ ಎಂದು ಕೇಳಿದರು.

ನಾನು ಅವರ ಕೈ ಹಿಡಿದು ಬಾಲ್ಕನಿಗೆ ಕರೆದುಕೊಂಡು ಹೋದೆ. ಪುಟ್ಟಿ ಕೆಳಗೆ ಆಡುತ್ತಿದ್ದಳು, ಅವಳ ದನಿ ಕೇಳುತ್ತಿತ್ತು.

"ಅತ್ತೆ, ಯಾವಾಗಿಂದ?"

ಏನು ಎಂದು ಅವರು ಕೇಳಲಿಲ್ಲ. ನನ್ನ ಮುಖ ನೋಡಿದರು, ಆಮೇಲೆ ಒಳಗೆ ಒಲೆಯ ಕಡೆ ನೋಡಿದರು. ಸುರಿದ ಹಾಲು ಕಟ್ಟೆಯಿಂದ ತೊಟ್ಟಿಕ್ಕುತ್ತಿತ್ತು.

"ಹೋದ ಚಳಿಗಾಲದಲ್ಲಿ ಜ್ವರ ಬಂದಿತ್ತಲ್ಲ, ಆಗಿಂದ. ಶೀತ ಅಂದ್ಕೊಂಡೆ. ಶೀತ ಹೋಯ್ತು, ಇದು ಬರಲೇ ಇಲ್ಲ."

"ಮತ್ತೆ ಅಡುಗೆ?"

"ಉಪ್ಪು, ಹುಳಿ, ಖಾರ ನಾಲಿಗೆಗೆ ಗೊತ್ತಾಗುತ್ತೆ. ಉಳಿದದ್ದು ಕೈಗೆ ಗೊತ್ತು. ಈರುಳ್ಳಿ ಎಷ್ಟು ಕೆಂಪಾಗಬೇಕು ಅಂತ ಕಣ್ಣಿಗೆ ಗೊತ್ತು." ಕೈಯಲ್ಲಿದ್ದ ಕವರುಗಳನ್ನು ಮಡಚುತ್ತ ಹೇಳಿದರು: "ತಿನ್ನೋವಾಗ ಮಾತ್ರ ಕಾಗದ ತಿಂದ ಹಾಗಾಗುತ್ತೆ ಕಣೇ. ನೀವೆಲ್ಲ ಚೆನ್ನಾಗಿದೆ ಅಂತೀರಲ್ಲ, ಅದನ್ನ ಕೇಳಿ ಹೊಟ್ಟೆ ತುಂಬಿಸ್ಕೋತೀನಿ."

ಕೆಳಗೆ ಮಕ್ಕಳು ಯಾರದೋ ಸರದಿಗಾಗಿ ಜಗಳವಾಡುತ್ತಿದ್ದರು.

ಮಗನಿಗೆ ಹೇಳಬೇಡ ಎಂದು ಅತ್ತೆ ಬೇಡಿಕೊಂಡರು. ಅವನಿಗೆ ಹೇಳಿದರೆ ಅಕ್ಕನಿಗೆ ಹೇಳಿದಂತೆ, ಅವಳಿಗೆ ಹೇಳಿದರೆ ಮರುದಿನ ಕಾರು ಬಾಗಿಲಲ್ಲಿ. ನಾನು ಯೋಚಿಸಿದೆ. ಮಗುವಿರುವ ಮನೆ, ಗ್ಯಾಸಿನ ಒಲೆ. ಮುಚ್ಚಿಡುವ ಮಾತೇ ಅಲ್ಲ. ಆದರೆ ಬಿಚ್ಚಿಡುವ ಹಕ್ಕು ನನ್ನದೂ ಅಲ್ಲ. ಕಡೆಗೆ ಹೇಳಿದೆ: ಒಲೆಯ ಹತ್ತಿರ ಗ್ಯಾಸು ಸೋರಿದರೆ ಕೂಗುವ ಯಂತ್ರ ಹಾಕಿಸುತ್ತೇನೆ. ಅದು ಬರುವವರೆಗೆ ನಾನು ಮನೆಯಲ್ಲಿರುವಾಗಷ್ಟೇ ಒಲೆ ಹಚ್ಚಬೇಕು. ವೈದ್ಯರ ಹತ್ತಿರ ನನ್ನ ಜೊತೆ ಬರಬೇಕು.

"ಮನೆಯವರಿಗೆ ಹೇಳೋದು ನೀವೇ. ನಾನು ಹೇಳಲ್ಲ. ಆದ್ರೆ ನೀವು ಹೇಳ್ಬೇಕು."

ಅವರು ತಲೆಯಾಡಿಸಿದರು. ಯಾವಾಗ ಎಂದು ನಾನು ಕೇಳಲಿಲ್ಲ.

ಯಂತ್ರವನ್ನು ಮರುದಿನವೇ ತಂದೆ. ಲ್ಯಾಬಿನಲ್ಲಿ ಎಲ್ಲರೂ ಹಾಕಿಸಿಕೊಳ್ಳುತ್ತಿದ್ದಾರೆ ಎಂದು ಗಂಡನಿಗೆ ಒಂದು ಸಣ್ಣ ಸುಳ್ಳು ಹೇಳಿದೆ. ಇನ್ನು ಮುಂದೆ ಪ್ಲಾಸ್ಟಿಕ್ ಚೀಲದ ಜವಾಬ್ದಾರಿ ನನ್ನದು ಎಂದೂ ಮನೆಯಲ್ಲಿ ಸಾರಿದೆ. ವೈದ್ಯರು ತಾಳ್ಮೆಯ ಮನುಷ್ಯ. ಜ್ವರದ ನಂತರ ಹೀಗಾಗುವುದುಂಟು, ಕೆಲವರಿಗೆ ಮರಳುತ್ತದೆ, ಕೆಲವರಿಗೆ ಇಲ್ಲ ಎಂದರು. ಔಷಧಿಗಿಂತ ಅಭ್ಯಾಸ ಮುಖ್ಯ, ದಿನಾ ಕೆಲವು ಗಟ್ಟಿಯಾದ ವಾಸನೆಗಳನ್ನು ಕಣ್ಣು ಮುಚ್ಚಿ ಮೂಸಿ, ಅದು ಹೇಗಿತ್ತು ಎಂದು ನೆನಪು ಮಾಡಿಕೊಳ್ಳಿ ಎಂದರು. ಹೊರಗೆ ಬಂದ ಮೇಲೆ ಅತ್ತೆ ಗೊಣಗಿದರು. ಈ ವಯಸ್ಸಿಗೆ ಮೂಗಿಗೆ ಬಾಲಪಾಠ.

ಚೀಲ ಈಗ ನನ್ನ ತಲೆಗೆ ಬಂತು. ಅತ್ತೆ ತೊಳೆಯುವುದನ್ನು ಬಿಡಲಿಲ್ಲ. ಅವರು ತೊಳೆದದ್ದನ್ನು ಶನಿವಾರ ನಾನೊಮ್ಮೆ ಮೂಸಿ, ಬೇಕಾದ್ದನ್ನು ಮತ್ತೆ ತೊಳೆಯುತ್ತಿದ್ದೆ. ಆಗ ನನಗೆ ಈ ಕೆಲಸದ ನಿಜವಾದ ಕಾಟ ತಿಳಿಯಿತು. ಡಬ್ಬಿಯ ಮೇಲೆ ಕೂತ ಕೊಳೆಯನ್ನು ತೊಳೆಯಬಹುದು, ಡಬ್ಬಿಯ ಒಳಕ್ಕೆ ಇಳಿದ ವಾಸನೆಯನ್ನು ತೊಳೆಯಲಾಗುವುದಿಲ್ಲ. ಮೆತ್ತನೆಯ ಪ್ಲಾಸ್ಟಿಕ್ಕೆಂದರೆ ಒಂದು ಬಗೆಯ ಗಟ್ಟಿಯಾದ ಜಿಡ್ಡು. ಎಣ್ಣೆಯಲ್ಲಿ ಕರಗುವ ವಾಸನೆಗಳು ಅದರಲ್ಲೂ ಮೆಲ್ಲಗೆ ಕರಗಿ ಒಳಗೇ ಮನೆ ಮಾಡುತ್ತವೆ. ತೊಳೆದು ಒಣಗಿಸಿದಾಗ ಸುಮ್ಮನಿರುತ್ತವೆ, ಬಿಸಿಲು ತಾಗಿದರೆ ಹೊರಗೆ ಇಣುಕುತ್ತವೆ. ಮೂಗಣ್ಣ ನಮ್ಮ ಮಹಡಿಗೆ ಬರುವ ಹೊತ್ತಿಗೆ ಕಾರಿಡಾರಿನ ಬಿಸಿಲು ನೇರವಾಗಿ ಚೀಲದ ಮೇಲೆ ಬೀಳುತ್ತಿತ್ತು.

ಒಂದು ಶನಿವಾರ ಚೀಲದ ತುಂಬ ಡಬ್ಬಿಗಳಿದ್ದವು. ಮೂಸಿದೆ, ತೊಳೆದೆ, ಮೂಸಿದೆ. ಲ್ಯಾಬಿನಲ್ಲಾದರೆ ಕೆಲವು ಮಾದರಿಗಳಾದ ಮೇಲೆ ಎದ್ದು ಹೊರಗೆ ಹೋಗಿ ಮೂಗಿಗೆ ವಿಶ್ರಾಂತಿ ಕೊಡುತ್ತೇವೆ. ಮನೆಯಲ್ಲಿ ಅಷ್ಟು ಪುರಸೊತ್ತು ಯಾರಿಗಿದೆ? ಕೊನೆಕೊನೆಗೆ ಎಲ್ಲ ಡಬ್ಬಿಯೂ ಒಂದೇ, ಯಾವುದರಲ್ಲೂ ಏನೂ ಇಲ್ಲ ಎನ್ನಿಸಿತು. ಗೆದ್ದೆ ಎಂದುಕೊಂಡು ಚೀಲ ಕಟ್ಟಿದೆ.

ಭಾನುವಾರ ಬೆಳಿಗ್ಗೆ ನಾದಿನಿ ಬಂದಿದ್ದರು. ತಿಂಡಿ ಮುಗಿದು ಎಲ್ಲರೂ ಬಾಗಿಲ ಬಳಿಯ ಕೋಣೆಯಲ್ಲಿ ಹರಟುತ್ತಿದ್ದೆವು, ಅತ್ತೆ ಒಳಗೆ ಪಾತ್ರೆ ಎತ್ತಿಡುತ್ತಿದ್ದರು. ಮೂಗಣ್ಣ ಗಂಟೆ ಒತ್ತಿದ. ಸಾಮಾನ್ಯವಾಗಿ ಅವನು ಗಂಟೆ ಒತ್ತುವವನಲ್ಲ. ಬಾಗಿಲು ತೆರೆದಾಗ ಒಂದು ಕೈಯಲ್ಲಿ ಹಳದಿ ಪಟ್ಟಿ, ಇನ್ನೊಂದರಲ್ಲಿ ಒಂದು ಬಿಳಿ ಡಬ್ಬಿ. ಈ ಮನೆಯ ಚೀಲಕ್ಕೆ ಪಟ್ಟಿ ಕಟ್ಟಿ ಕಟ್ಟಿ ಸಾಕಾಗಿ ಮುಖಾಮುಖಿ ಮಾತಾಡೋಣವೆಂದು ಬಂದೆ ಎಂದ. ಡಬ್ಬಿಯನ್ನು ನನ್ನ ಮೂಗಿಗೆ ಚಾಚಿದ. ಬೆಳ್ಳುಳ್ಳಿ. ಒಂದು ರಾತ್ರಿಯ ವಿಶ್ರಾಂತಿ ಪಡೆದ ನನ್ನ ಮೂಗಿಗೆ ಅದು ಗೋಡೆಯಷ್ಟು ಸ್ಪಷ್ಟವಾಗಿತ್ತು. ನಿನ್ನೆ ಇದನ್ನು ನಾನೇ ಮೂಸಿ ಚೀಲಕ್ಕೆ ಹಾಕಿದ್ದೆ.

"ನೋಡಮ್ಮ, ನೀವು ಕೆಲಸಕ್ಕೆ ಹೋಗೋರು, ಟೈಮಿಲ್ಲ, ಒಪ್ಕೋತೀನಿ," ಎಂದ ಮೂಗಣ್ಣ. "ಮನೇಲಿ ಹಿರಿಯರು ಇದ್ದಾರಲ್ಲ. ಅವರ ಕೈಲಾದ್ರೂ ಒಂದ್ಸಲ ಮೂಸಿಸಿ. ಹಳೇ ಕಾಲದೋರ ಮೂಗು ಚೆನ್ನಾಗಿರುತ್ತೆ."

ನನ್ನ ಗಂಡ ನಕ್ಕರು. ಊರ ನೀರನ್ನೆಲ್ಲ ಮೂಸುವವಳು, ಮನೆಯ ಡಬ್ಬಿ ಮೂಸಲು ಬರುವುದಿಲ್ಲ ಎಂದರು. ನಾದಿನಿಯೂ ಸೇರಿಕೊಂಡರು. ಅಮ್ಮನ ಕೈಯಲ್ಲಿ ಇದ್ದಾಗ ಕೈ ಸೋತಿತು ಅಂದಿರಿ, ಈಗ ಯಾರ ಕೈ ಸೋತಿತು ಎಂದು ನನ್ನನ್ನು ಕೆಣಕಿದರು. ಮಾತಿನಲ್ಲಿ ವಿಷವಿರಲಿಲ್ಲ, ಮುಳ್ಳಿತ್ತು. ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ನುಂಗಿಕೊಂಡೆ. ಮತ್ತೆ ತೊಳೆಯುತ್ತೇನೆ, ಕೊಡಿ ಎಂದು ಡಬ್ಬಿಗೆ ಕೈ ಚಾಚಿದೆ.

"ಅವಳದ್ದಲ್ಲ, ಆ ಡಬ್ಬಿ ನಂದು."

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೈ ಒರೆಸಿಕೊಳ್ಳುತ್ತಿದ್ದರು. ಕೈ ಒಣಗಿದ ಮೇಲೂ ಒರೆಸುತ್ತಲೇ ಇದ್ದರು.

"ಬೆಳ್ಳುಳ್ಳಿ ಅರೆದು ಇಡ್ತಿದ್ದೋಳು ನಾನು, ತೊಳೆದೋಳೂ ನಾನು. ಇದಕ್ಕೆ ಮುಂಚೆ ವಾಪಸ್ ಬಂದ ಚೀಲಗಳೂ ನಂದೇ. ತಿಕ್ಕೋದು ನನ್ನ ಕೈಲಾಗುತ್ತೆ. ವಾಸನೆ ಹೋಯ್ತಾ ಇಲ್ವಾ ಗೊತ್ತಾಗಲ್ಲ." ಅವರು ಮಗನನ್ನೂ ನೋಡಲಿಲ್ಲ, ಮಗಳನ್ನೂ ನೋಡಲಿಲ್ಲ. ಮೂಗಣ್ಣನಿಗೇ ಹೇಳಿದರು. "ನನಗೆ ವಾಸನೆ ಬರಲ್ಲಪ್ಪ. ಚಳಿಗಾಲದಿಂದ."

ಮೂಗಣ್ಣ ಕೈಯಲ್ಲಿನ ಡಬ್ಬಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಎರಡು ಕೈಯಲ್ಲೂ ಹಿಡಿದುಕೊಂಡ. ಕೊನೆಗೆ ನಾದಿನಿ ಕೇಳಿದರು, ಏನೂ ಬರಲ್ವಾ ಎಂದು. ಏನೂ ಇಲ್ಲ. ಹೂವು? ಇಲ್ಲ. ಹಾಗಾದರೆ ಅಡುಗೆ, ಗ್ಯಾಸು ಎಂದು ಅವರ ದನಿ ಏರಿತು. ಇದನ್ನೆಲ್ಲ ಇಟ್ಟುಕೊಂಡು ಇಷ್ಟು ತಿಂಗಳು ಒಲೆಯ ಮುಂದೆ ನಿಂತಿದ್ದೀಯಾ ಅಮ್ಮ, ಇವತ್ತೇ ನನ್ನ ಜೊತೆ ಹೊರಡು ಎಂದರು. ಕಣ್ಣಲ್ಲಿ ನೀರು ಬಂದಿತ್ತು.

"ಈಗ ತಿಂಡಿ ತಿಂದ್ಯಲ್ಲ," ಎಂದರು ಅತ್ತೆ. "ಎರಡನೇ ಸಲ ಹಾಕಿಸ್ಕೊಂಡೆ. ಏನು ಕಮ್ಮಿ ಆಗಿತ್ತು?"

ನಾದಿನಿ ಕಣ್ಣು ಒರೆಸಿಕೊಂಡರು.

"ಬರ್ತೀನಿ, ಬರಲ್ಲ ಅನ್ನಲ್ಲ. ನಿನ್ನ ಅಡುಗೆಯವಳಿಗೆ ರಜಾ ಕೊಟ್ಟಾಗ ಹೇಳು. ಸೋಫಾ ಮೇಲೆ ಕೂರೋಕೆ ಮಾತ್ರ ಕರೀಬೇಡ. ಮೂಗು ಹೋಗಿದೆ ಅಷ್ಟೇ, ಕೈ ಇದೆ."

ನನ್ನ ಗಂಡ ಎದ್ದು ಅಡುಗೆಮನೆಗೆ ಹೋದರು. ಗೋಡೆಯ ಮೇಲಿನ ಯಂತ್ರದ ಗುಂಡಿ ಒತ್ತಿದರು. ಅದು ಮನೆಯೆಲ್ಲ ಕಿವುಡಾಗುವಂತೆ ಕೂಗಿತು. ಒತ್ತಿದ್ದನ್ನು ಬಿಟ್ಟು, ಮತ್ತೊಮ್ಮೆ ಒತ್ತಿ ನೋಡಿ, ಲಿಫ್ಟಿನ ಬಾಗಿಲನ್ನು ಪರೀಕ್ಷಿಸುವವರಂತೆ ತಂತಿ ಎಳೆದು ನೋಡಿ, ಹೊರಗೆ ಬಂದು ನನ್ನ ಮುಖ ನೋಡಿದರು. ಲ್ಯಾಬಿನವರೆಲ್ಲ ಹಾಕಿಸ್ಕೊಳ್ತಿದ್ದಾರೆ, ಅಲ್ವಾ ಎಂದಷ್ಟೇ ಕೇಳಿದರು. ಆಮೇಲೆ ತಾಯಿಯ ಹತ್ತಿರ ಹೋಗಿ ನಿಂತರು. ಅವರ ಕೈಯಿಂದ ಒರೆಸುವ ಬಟ್ಟೆಯನ್ನು ತೆಗೆದುಕೊಂಡರು. ಇವತ್ತು ಪಾತ್ರೆ ನಾನು ಎತ್ತಿಡ್ತೀನಿ ಎಂದರು. ಅತ್ತೆ ಬಟ್ಟೆ ಕಿತ್ತುಕೊಂಡು, ನೀನು ಎತ್ತಿಟ್ಟರೆ ಆಮೇಲೆ ಚಮಚ ಹುಡುಕೋಕೆ ಪೊಲೀಸರನ್ನ ಕರೀಬೇಕು ಎಂದರು. ನಾದಿನಿ ಅಳುತ್ತಲೇ ನಕ್ಕರು.

ಮೂಗಣ್ಣ ಇನ್ನೂ ಬಾಗಿಲಲ್ಲೇ ಇದ್ದ. ಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡ. ಚೀಲವನ್ನು ಹೆಗಲಿಗೆ ಏರಿಸಿ, ಬಿಳಿ ಡಬ್ಬಿಯನ್ನು ಮಾತ್ರ ನನ್ನ ಕೈಗೆ ಕೊಟ್ಟ. "ಇದೊಂದು ಬೇಡಮ್ಮ. ಇದರ ವಾಸನೆ ಈ ಜನ್ಮದಲ್ಲಿ ಹೋಗಲ್ಲ." ಹೋಗುವ ಮುಂಚೆ ಒಳಗೆ ಕತ್ತು ಚಾಚಿ, ನಾನು ಬರುತ್ತೇನೆ ಅಜ್ಜಿ ಎಂದ. ಇಷ್ಟು ದಿನದಲ್ಲಿ ನಮ್ಮ ಮನೆಯವರಿಗೆ ಅವನು ಹೋಗಿಬರುತ್ತೇನೆ ಎಂದದ್ದು ಅದೇ ಮೊದಲು.

ಅತ್ತೆ ಇಲ್ಲಿಯೇ ಇದ್ದಾರೆ. ನಾದಿನಿ ಈಗ ಪ್ರತಿ ಭಾನುವಾರ ಬರುತ್ತಾರೆ, ಊಟಕ್ಕೆ ಕೂತಾಗ ಪ್ರತಿಯೊಂದರ ವಾಸನೆಯನ್ನೂ ಬಾಯಿಬಿಟ್ಟು ವರ್ಣಿಸುತ್ತಾರೆ. ಕಾಮೆಂಟರಿ ಸಾಕು, ತಿನ್ನು ಎಂದು ಅತ್ತೆ ಗದರಿಸುತ್ತಾರೆ, ಆದರೆ ಕಿವಿಗೊಟ್ಟು ಕೇಳುತ್ತಾರೆ. ಚೀಲವನ್ನು ಈಗ ಅತ್ತೆ, ನಾನು ಇಬ್ಬರೂ ಸೇರಿ ನೋಡುತ್ತೇವೆ. ಅವರು ತಿಕ್ಕುತ್ತಾರೆ, ನಾನು ನಡುನಡುವೆ ಬಾಲ್ಕನಿಗೆ ಹೋಗಿ ಉಸಿರಾಡಿ ಬಂದು ಮೂಸುತ್ತೇನೆ. ಹಳದಿ ಪಟ್ಟಿ ಆಗೊಮ್ಮೆ ಈಗೊಮ್ಮೆ ಬರುತ್ತಲೇ ಇದೆ. ಶಾಂಪೂ ಪಂಪಿನ ಸ್ಪ್ರಿಂಗು ಇನ್ನೂ ಚಿಮ್ಮುತ್ತದೆ.

ಬೆಳ್ಳುಳ್ಳಿಯ ಡಬ್ಬಿಯನ್ನು ಅಡುಗೆಮನೆಯ ಕಿಟಕಿಯಲ್ಲಿ, ಬಿಸಿಲು ಬೀಳುವ ಕಡೆ ಇಟ್ಟಿದ್ದೇವೆ. ವೈದ್ಯರು ಹೇಳಿದ ಅಭ್ಯಾಸ ಅದರಿಂದಲೇ ಶುರುವಾಗುತ್ತದೆ, ಉಳಿದವು ಲವಂಗ, ನಿಂಬೆ ಸಿಪ್ಪೆ, ಕಾಫಿ ಪುಡಿ. ಬೆಳಿಗ್ಗೆ ಒಲೆ ಹಚ್ಚುವ ಮುಂಚೆ ಅತ್ತೆ ಕಿಟಕಿಯ ಕಡೆ ತಿರುಗಿ, ನಮಗೆ ಬೆನ್ನು ಹಾಕಿ ನಿಲ್ಲುತ್ತಾರೆ. ಹಾಗೆ ನಿಲ್ಲಬೇಕೆಂದು ನಾನು ಲ್ಯಾಬಿನ ನಿಯಮ ಹೇಳಿಕೊಟ್ಟಿದ್ದೆ. ಕಣ್ಣು ಮುಚ್ಚಿ ಡಬ್ಬಿಯ ಮುಚ್ಚಳ ತೆಗೆದು ನಿಧಾನವಾಗಿ ಉಸಿರು ಎಳೆಯುತ್ತಾರೆ. ನನಗೂ ಪುಟ್ಟಿಗೂ ಕೋಣೆಯ ಈ ಕಡೆಗೂ ಬೆಳ್ಳುಳ್ಳಿ ಬರುತ್ತದೆ, ನಾವು ಏನೂ ಹೇಳುವುದಿಲ್ಲ.

"ಇವತ್ತು ಬಂತಾ ಅಜ್ಜಿ?" ಎಂದು ಪುಟ್ಟಿ ಕೇಳುತ್ತಾಳೆ.

"ಇಲ್ಲ," ಎನ್ನುತ್ತಾರೆ ಅತ್ತೆ. ಮುಚ್ಚಳ ಹಾಕಿ, ಡಬ್ಬಿಯನ್ನು ಬಿಸಿಲಿಗೆ ಸ್ವಲ್ಪ ಸರಿಸಿ, ಒಲೆ ಹಚ್ಚುತ್ತಾರೆ.